ನಂಬರ್ ಹೋಯಿತು, ಉರಿ ಉಳಿಯಿತು: ಲೇಸಿಕ್ ಆದ ಕಣ್ಣನ್ನು ದಿನವೂ ನೋಡಿಕೊಳ್ಳುವ ಬಗೆ

ಬೆಳಿಗ್ಗೆ ಎಚ್ಚರವಾದ ಕೂಡಲೇ ನಾನು ಕಣ್ಣು ಬಿಡುವುದಿಲ್ಲ. ಮೊದಲು ಕೈ ದಿಂಬಿನ ಪಕ್ಕ ಹೋಗುತ್ತದೆ. ಅಲ್ಲಿ ಹನಿಯ ಸಣ್ಣ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಮುಚ್ಚಿದ ರೆಪ್ಪೆಯ ಒಳಮೂಲೆಗೆ ಎರಡು ಹನಿ ಬಿಡುತ್ತೇನೆ. ರೆಪ್ಪೆಯ ಕೆಳಗೇ ಗುಡ್ಡೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಆಡಿಸುತ್ತೇನೆ. ತಂಪು ಒಳಗೆ ಇಳಿದದ್ದು ಗೊತ್ತಾದ ಮೇಲೆ ರೆಪ್ಪೆ ತೆರೆಯುತ್ತೇನೆ. ಇದನ್ನು ಕಲಿಯುವ ಮೊದಲು, ಕಣ್ಣು ಬಿಟ್ಟ ಕ್ಷಣವೇ ಬ್ಲೇಡಿನಲ್ಲಿ ಗೀರಿದ ಹಾಗೆ ಆಗುತ್ತಿತ್ತು. ರಾತ್ರಿಯೆಲ್ಲಾ ಒಣಗಿದ ರೆಪ್ಪೆ ಗುಡ್ಡೆಗೆ ಅಂಟಿಕೊಂಡಿರುತ್ತದೆ. ಒಮ್ಮೆಲೆ ತೆರೆದರೆ ಮೇಲ್ಪದರವನ್ನೇ ಎಳೆಯುತ್ತದೆ.

ಒಂಬತ್ತು ವರ್ಷದ ಹಿಂದೆ ಲೇಸಿಕ್ ಎಂಬ ಲೇಸರ್ ಆಪರೇಷನ್ ಮಾಡಿಸಿ ಕನ್ನಡಕದ ನಂಬರ್ ತೆಗೆಸಿಕೊಂಡೆ. ಮೈನಸ್ ಐದೂವರೆ ಇತ್ತು. ಈಗಲೂ ಬೋರ್ಡಿನ ಕೊನೆಯ ಸಾಲು ಓದುತ್ತೇನೆ. ಅದಕ್ಕೇ ತಪಾಸಣೆಗೆ ಹೋದಾಗಲೆಲ್ಲ ‘6/6 ಇದೆ, ಕಣ್ಣು ಚೆನ್ನಾಗಿದೆ’ ಅಂತ ಹೇಳಿ ಕಳಿಸುತ್ತಿದ್ದರು. ಮನೆಯಲ್ಲಿ ಅವ್ವ ಕೇಳುತ್ತಿದ್ದಳು, ‘ಕಣ್ಣಾಗ ಏನೂ ಕಾಣಸೂದಿಲ್ಲಲ್ಲ, ಎಲ್ಲಿ ಉರೀತೈತಿ?’ ಅವಳಿಗೆ ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಹೀಗೇ ಸುಮ್ಮನೆ ಸಹಿಸಿಕೊಂಡು ಕೂತವರು ಇದ್ದಾರೆ ಅಂತ ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇಲ್ಲಿರುವುದನ್ನು ನಿಮ್ಮ ಡಾಕ್ಟರ ಮುಂದೆ ಇಟ್ಟು ಮಾತಾಡಿ, ಔಷಧಿಯನ್ನು ಮಾತ್ರ ನೀವೇ ಶುರು ಮಾಡಬೇಡಿ, ನೀವೇ ನಿಲ್ಲಿಸಬೇಡಿ.

ಮೊದಲು, ಒಳಗೆ ಏನಾಗಿದೆ ಅಂತ ತಿಳಿಯಿರಿ

ಕಾರ್ನಿಯಾ ಅಂದರೆ ಕರಿಗುಡ್ಡೆಯ ಮೇಲಿರುವ ಗಾಜಿನಂಥ ಪದರ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಲೇಸಿಕ್‌ನಲ್ಲಿ ಅದರ ಮೇಲ್ಭಾಗವನ್ನು ಸುಮಾರು 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಪಾಲು) ದಪ್ಪಕ್ಕೆ ಮುಚ್ಚಳದಂತೆ ಕತ್ತರಿಸಿ ಮಗುಚುತ್ತಾರೆ. ಕೆಳಗಿನ ಭಾಗವನ್ನು ಲೇಸರ್‌ನಿಂದ ಸವೆಸಿ, ಮುಚ್ಚಳವನ್ನು ಮತ್ತೆ ಹೊದಿಸುತ್ತಾರೆ. ಆ ಮುಚ್ಚಳದ ಜೊತೆ ಸಣ್ಣ ನರಗಳೂ ಕತ್ತರಿಸಿಹೋಗುತ್ತವೆ. ‘ಕಣ್ಣು ಒಣಗಿದೆ, ನೀರು ಬಿಡು, ರೆಪ್ಪೆ ಬಡಿ’ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವುದು ಇವೇ ನರಗಳು. ಹೆಚ್ಚಿನವರಿಗೆ ಆರು ತಿಂಗಳು, ವರ್ಷದೊಳಗೆ ಅವು ಮತ್ತೆ ಬೆಳೆದು ಒಣಗುವುದು ಕಡಿಮೆಯಾಗುತ್ತದೆ. ಕೆಲವರಲ್ಲಿ ಪೂರ್ತಿ ಬೆಳೆಯುವುದಿಲ್ಲ, ಇಲ್ಲವೇ ತಪ್ಪಾಗಿ ಬೆಳೆಯುತ್ತವೆ. ಮುಚ್ಚಳ ಕತ್ತರಿಸದ ಪಿಆರ್‌ಕೆ, ಸಣ್ಣ ಕೊಯ್ತದ ಸ್ಮೈಲ್ ಎಂಬ ಬೇರೆ ಬಗೆಯ ಲೇಸರ್ ಆಪರೇಷನ್ ಮಾಡಿಸಿಕೊಂಡವರಿಗೂ ಒಣಗಣ್ಣು, ರಾತ್ರಿಯ ತೊಂದರೆ ಬರಬಹುದು.

ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಎಫ್‌ಡಿಎ ಸಂಸ್ಥೆ ಲೇಸಿಕ್ ಆದವರನ್ನೇ ಕೇಳಿ ಒಂದು ಅಧ್ಯಯನ ಮಾಡಿತ್ತು. ಮೊದಲು ಒಣಗಣ್ಣಿನ ದೂರು ಇಲ್ಲದವರಲ್ಲಿ ಶೇ. 30ರವರೆಗೂ ಜನ, ಮೂರು ತಿಂಗಳ ನಂತರ ಆ ದೂರು ಹೇಳಿದರು. ಬೆಳಕಿನ ಸುತ್ತ ಉಂಗುರ, ಕಿರಣ, ಎರಡೆರಡು ಕಾಣುವುದು ಇಂಥ ಯಾವ ತೊಂದರೆಯೂ ಮೊದಲು ಇಲ್ಲದವರಲ್ಲಿ ಶೇ. 46ರವರೆಗೂ ಜನ ಒಂದಾದರೂ ಹೊಸ ತೊಂದರೆ ಹೇಳಿದರು. ನೋಟದ ತೊಂದರೆಯಿಂದ ದಿನದ ಕೆಲಸವೇ ಬಹಳ ಕಷ್ಟವಾಯಿತು ಅಂದವರು ಶೇ. 1ಕ್ಕಿಂತ ಕಡಿಮೆ. ಎರಡೂ ನಿಜ. ಹೆಚ್ಚಿನವರು ಚೆನ್ನಾಗಿರುತ್ತಾರೆ ಅನ್ನುವ ಕಾರಣಕ್ಕೆ ನಿಮ್ಮ ಉರಿ ಸುಳ್ಳಾಗುವುದಿಲ್ಲ.

ಹೆಜ್ಜೆ 1: ಹಳೆಯ ಫೈಲ್ ಕೈಗೆ ತೆಗೆದುಕೊಳ್ಳಿ

ಇದನ್ನು ಈ ವಾರವೇ ಮಾಡಿ. ಆಪರೇಷನ್‌ಗೆ ಮುಂಚಿನ ನಂಬರ್, ಕಾರ್ನಿಯಾದ ದಪ್ಪ ಮತ್ತು ವಕ್ರತೆ, ಟೋಪೋಗ್ರಫಿ (ಕಾರ್ನಿಯಾದ ಮೇಲ್ಮೈಯ ಆಕಾರ) ನಕ್ಷೆ, ಎಷ್ಟು ಮೈಕ್ರಾನ್ ಸವೆಸಿದರು, ಆಪರೇಷನ್ ನಂತರದ ನಂಬರ್ ಎಲ್ಲವೂ ಬೇಕು. 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ರೋಗಿ ಕೇಳಿದ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು. ಆದರೆ ದಾಖಲೆ ಇಟ್ಟುಕೊಳ್ಳಬೇಕಾದ ಕಡ್ಡಾಯ ಅವಧಿ ಚಿಕಿತ್ಸೆ ಶುರುವಾದ ದಿನದಿಂದ ಮೂರೇ ವರ್ಷ. ನಾನು ಐದನೇ ವರ್ಷ ಹೋಗಿ ಕೇಳಿದೆ. ಸಿಕ್ಕಿದ್ದು ಒಂದು ಬಿಲ್ ಮತ್ತು ಅರ್ಧ ಅಳಿಸಿಹೋದ ಒಂದು ಥರ್ಮಲ್ ಕಾಗದ. ನೀವು ತಡ ಮಾಡಬೇಡಿ. ಅರ್ಜಿ ಬರೆದು ಕೊಡಿ, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸಿಕ್ಕಿದ್ದನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ.

ಈ ಕಾಗದದ ಬೆಲೆ ಮುಂದೆ ಗೊತ್ತಾಗುತ್ತದೆ. ವಯಸ್ಸಾದ ಮೇಲೆ ಪೊರೆ ಬಂದಾಗ, ಲೇಸಿಕ್ ಆದ ಕಣ್ಣಿಗೆ ಲೆನ್ಸಿನ ಪವರ್ ಲೆಕ್ಕ ಹಾಕುವುದು ಬೇರೆ ರೀತಿ. ಮಾಮೂಲಿ ಲೆಕ್ಕ ಹಾಕಿದರೆ ಮೈನಸ್ ತೆಗೆಸಿಕೊಂಡವರಿಗೆ ಪ್ಲಸ್ ನಂಬರ್ ಉಳಿಯುತ್ತದೆ. ಕಣ್ಣಿನ ಒತ್ತಡದ ವಿಷಯವೂ ಹಾಗೇ. ಕಾರ್ನಿಯಾ ತೆಳುವಾದ್ದರಿಂದ ಯಂತ್ರ ಒತ್ತಡವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಇದ್ದರೂ ‘ನಾರ್ಮಲ್’ ಅಂತ ಬರಬಹುದು. ಆದ್ದರಿಂದ ಯಾವ ಊರಿನ ಯಾವ ಡಾಕ್ಟರ ಮುಂದೆ ಕೂತರೂ ಮೊದಲ ಮಾತು ‘ನನಗೆ ಲೇಸಿಕ್ ಆಗಿದೆ’ ಎಂದಿರಲಿ. ಕನ್ನಡಕ ಹಾಕದವರನ್ನು ನೋಡಿದರೆ ಅದು ಅವರಿಗೆ ಹೊಳೆಯುವುದಿಲ್ಲ.

ಹೆಜ್ಜೆ 2: ತೊಂದರೆಗೆ ಬೇರೆ ಬೇರೆ ಹೆಸರು ಕೊಡಿ

‘ಕಣ್ಣು ಸರಿ ಇಲ್ರೀ’ ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಎರಡು ವಾರ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಉರಿಯೋ, ಚುಚ್ಚೋ, ಉಸುಕು ಬಿದ್ದ ಹಾಗೋ? ಎದ್ದಾಗ ಜಾಸ್ತಿಯೋ, ಸಂಜೆಯೋ? ಹನಿ ಹಾಕಿದರೆ ಎಷ್ಟು ಹೊತ್ತು ಆರಾಮ? ದೃಷ್ಟಿ ಮಂಜಾದರೆ ರೆಪ್ಪೆ ಬಡಿದಾಗ ಸರಿಹೋಗುತ್ತದೆಯೋ ಇಲ್ಲವೋ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ರೆಪ್ಪೆ ಬಡಿದಾಗ ತಿಳಿಯಾಗುವ ಮಂಜು ಹೆಚ್ಚಾಗಿ ಕಣ್ಣೀರಿನ ಪದರದ್ದು. ಬಡಿದರೂ ಹೋಗದ, ತಿಂಗಳು ತಿಂಗಳಿಗೆ ಜಾಸ್ತಿಯಾಗುವ ಮಂಜಿಗೆ ಬೇರೆ ಕಾರಣ ಹುಡುಕಬೇಕು.

ರಾತ್ರಿಯ ತೊಂದರೆಯನ್ನು ಚಿತ್ರ ಬಿಡಿಸಿ ತೋರಿಸಿ. ನಾನು ಒಂದು ಬೀದಿದೀಪ ಬರೆದು, ಅದರ ಸುತ್ತ ನನಗೆ ಕಾಣುವ ಕಿರಣಗಳನ್ನು ಪೆನ್ನಿನಲ್ಲಿ ಎಳೆದೆ. ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು. ಮೂರು ವರ್ಷ ಬಾಯಲ್ಲಿ ಹೇಳಿ ಆಗದ್ದು ಆ ಎರಡು ಚಿತ್ರದಿಂದ ಆಯಿತು.

ಹೆಜ್ಜೆ 3: ಬೋರ್ಡು ಓದಿಸಿದ ಮೇಲೂ ಈ ಪರೀಕ್ಷೆ ಕೇಳಿ

ಷಿರ್ಮರ್ ಪರೀಕ್ಷೆ: ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಒದ್ದೆಯಾದದ್ದು 5 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನೀರೇ ಸಾಲುತ್ತಿಲ್ಲ ಅಂತ ಅರ್ಥ. ಟಿಬಿಯುಟಿ: ಹಳದಿ ಬಣ್ಣ ಹಾಕಿ, ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ನೋಡುತ್ತಾರೆ. 10 ಸೆಕೆಂಡಿಗಿಂತ ಬೇಗ ಒಡೆದರೆ ಪದರ ಗಟ್ಟಿ ಇಲ್ಲ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳನ್ನೂ ನೋಡಿಸಿ. ನನ್ನ ತೊಂದರೆಯ ಅರ್ಧ ಅಲ್ಲಿತ್ತು, ಯಾರೂ ಅಲ್ಲಿ ನೋಡಿರಲಿಲ್ಲ. ನೀರಿದ್ದರೂ ಮೇಲೆ ಎಣ್ಣೆ ಇಲ್ಲದಿದ್ದರೆ ಅದು ಆರಿಹೋಗುತ್ತದೆ.

ನಂಬರ್, ಅದರಲ್ಲೂ ಸಿಲಿಂಡರ್ ನಂಬರ್ (ಕಾರ್ನಿಯಾದ ವಕ್ರತೆ ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಬರುವ ನಂಬರ್), ವರ್ಷಗಳ ನಂತರ ಮತ್ತೆ ಏರುತ್ತಿದ್ದರೆ ಕಾರ್ನಿಯಲ್ ಟೋಪೋಗ್ರಫಿ ಆಗಲೇಬೇಕು. ಸವೆದ ಕಾರ್ನಿಯಾ ಒಳಗಿನ ಒತ್ತಡಕ್ಕೆ ನಿಧಾನವಾಗಿ ಮುಂದಕ್ಕೆ ಉಬ್ಬಬಹುದು. ಅದಕ್ಕೆ ಎಕ್ಟೇಸಿಯಾ ಅಂತಾರೆ. ಇದು ಅಪರೂಪ, ಆದರೆ ತಡ ಮಾಡಿದಷ್ಟೂ ನಷ್ಟ. ಬೇಗ ಗೊತ್ತಾದರೆ ಸಿ3ಆರ್ ಚಿಕಿತ್ಸೆ ಇದೆ. ರೈಬೋಫ್ಲಾವಿನ್ ಹನಿ ಹಾಕಿ ಅಲ್ಟ್ರಾವಯಲೆಟ್ ಬೆಳಕಿನಿಂದ ಕಾರ್ನಿಯಾವನ್ನು ಗಟ್ಟಿ ಮಾಡುತ್ತಾರೆ. ಉಬ್ಬುವುದು ನಿಲ್ಲಲಿ ಅನ್ನುವುದು ಅದರ ಉದ್ದೇಶ, ಹೋದ ನೋಟ ಪೂರ್ತಿ ಅದರಿಂದ ಬರುವುದಿಲ್ಲ. ನೋಟಕ್ಕೆ ಗಟ್ಟಿ ಲೆನ್ಸ್ ಅಥವಾ ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಬೇಕಾಗಬಹುದು. ನಂಬರ್ ಬಂತು ಅಂತ ಟೋಪೋಗ್ರಫಿ ನೋಡದೆ ‘ಇನ್ನೊಮ್ಮೆ ಲೇಸರ್ ಹೊಡೆಸೋಣ’ ಅಂದರೆ ಒಪ್ಪಬೇಡಿ.

ಕಣ್ಣುಜ್ಜುವ ಅಭ್ಯಾಸವನ್ನು ಇವತ್ತೇ ಬಿಡಿ. ತುರಿಕೆ ಬಂದರೆ ತಣ್ಣನೆಯ ಹನಿ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ತಂಪು ಬಟ್ಟೆ ಇಡಿ. ಉಜ್ಜಬೇಡಿ.

ಡಾಕ್ಟರ ಹತ್ತಿರ ನುಂಗುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಶೀತಕ್ಕೆ ನುಂಗುವ ಸೆಟ್ರಿಜಿನ್, ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್, ಕೆಲವು ಖಿನ್ನತೆಯ ಮಾತ್ರೆಗಳು ಕಣ್ಣನ್ನು ಒಣಗಿಸುತ್ತವೆ.

ಹೆಜ್ಜೆ 4: ದಿನದ ಆರೈಕೆ

ಹನಿಯ ವಿಷಯದಲ್ಲಿ ನಾನು ದುಡ್ಡು, ವರ್ಷ ಎರಡನ್ನೂ ಕಳೆದುಕೊಂಡೆ. ಬಾಟಲಿಯ ಹನಿಗಳಲ್ಲಿ ಸಾಮಾನ್ಯವಾಗಿ ಕೆಡದಂತೆ ಇಡುವ ರಾಸಾಯನಿಕ ಇರುತ್ತದೆ. ಬೆಂಜಾಲ್ಕೋನಿಯಂ ಕ್ಲೋರೈಡ್ ಅವುಗಳಲ್ಲಿ ಒಂದು. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕಿದರೆ ಅದೇ ಕಾರ್ನಿಯಾವನ್ನು ಕೆರಳಿಸುತ್ತದೆ. ಉರಿಗೆ ಹನಿ, ಹನಿಯಿಂದ ಉರಿ, ನಾನು ಈ ಸುತ್ತಿನಲ್ಲೇ ಇದ್ದೆ. ಪದೇ ಪದೇ ಹಾಕಬೇಕಾದವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಬರೆಸಿಕೊಳ್ಳಿ. ಕಾರ್ಬಾಕ್ಸಿಮೀಥೈಲ್‌ಸೆಲ್ಯುಲೋಸ್ ಅಥವಾ ಸೋಡಿಯಂ ಹೈಲುರೊನೇಟ್ ಇರುವವು ಸಿಗುತ್ತವೆ. ಎರಡು ಬಗೆಯ ಹನಿ ಇದ್ದರೆ ನಡುವೆ ಹತ್ತು ನಿಮಿಷ ಬಿಡಿ. ಉರಿ ಶುರುವಾಗುವವರೆಗೆ ಕಾಯಬೇಡಿ, ಹೊತ್ತು ಗೊತ್ತು ಮಾಡಿ ಹಾಕಿ.

‘ಕೆಂಪಾಗಿದೆ, ಏನಾದರೂ ಕೊಡ್ರಿ’ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸ್ಟಿರಾಯ್ಡ್ ಹನಿ ಕೈಗೆ ಬರಬಹುದು. ಎರಡು ದಿನದಲ್ಲಿ ಕಣ್ಣು ಬೆಳ್ಳಗಾಗುತ್ತದೆ, ನಿಜ. ತಿಂಗಳುಗಟ್ಟಲೆ ಹಾಕಿದರೆ ಒತ್ತಡ ಏರಬಹುದು, ಪೊರೆ ಬರಬಹುದು. ಮೇಲೆ ಹೇಳಿದೆನಲ್ಲ, ನಮ್ಮ ಕಣ್ಣಿನ ಒತ್ತಡವನ್ನು ಯಂತ್ರವೇ ಕಡಿಮೆ ತೋರಿಸುತ್ತದೆ. ಡಾಕ್ಟರ್ ಬರೆದಷ್ಟೇ ದಿನ ಹಾಕಿ. ಹರಳೆಣ್ಣೆ, ಜೇನುತುಪ್ಪ, ಗುಲಾಬಿ ನೀರು, ಎದೆಹಾಲು, ಇವನ್ನೆಲ್ಲ ಕಣ್ಣಿಗೆ ಬಿಡಿ ಅಂತ ಪ್ರೀತಿಯಿಂದ ಹೇಳುವವರು ಮನೆಯಲ್ಲೇ ಇರುತ್ತಾರೆ. ಪ್ರೀತಿ ಇಟ್ಟುಕೊಳ್ಳಿ, ಕಣ್ಣಿಗೆ ಬಿಡಬೇಡಿ.

ಎಣ್ಣೆ ಗ್ರಂಥಿ ಕಟ್ಟಿಕೊಂಡವರಿಗೆ ಬಿಸಿ ಬಟ್ಟೆಯ ಶಾಖ ಬೇಕು. ಹತ್ತು ನಿಮಿಷ ಒಂದೇ ಬಿಸಿ ಇರಬೇಕು, ಬಟ್ಟೆ ಎರಡು ನಿಮಿಷಕ್ಕೇ ಆರುತ್ತದೆ. ನಾನು ಸ್ವಚ್ಛ ಕಾಲುಚೀಲದಲ್ಲಿ ಅಕ್ಕಿ ತುಂಬಿ, ಬಾಯಿ ಹೊಲಿದು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡುತ್ತೇನೆ. ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡುತ್ತೇನೆ. ಅಲ್ಲಿ ಸುಡದಿದ್ದರೆ ಕಣ್ಣು ಮುಚ್ಚಿ ಮಲಗಿ, ರೆಪ್ಪೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಅದರ ಮೇಲೆ ಇದನ್ನು ಇಟ್ಟುಕೊಳ್ಳುತ್ತೇನೆ. ಆಮೇಲೆ ಬೆರಳಿನಿಂದ ರೆಪ್ಪೆಯಂಚನ್ನಷ್ಟೇ ಮೆಲ್ಲಗೆ ಸವರಬೇಕು, ಗುಡ್ಡೆಯನ್ನು ಒತ್ತಬಾರದು. ಎಕ್ಟೇಸಿಯಾ ಇದ್ದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ. ಫಲ ಕಾಣಲು ನನಗೆ ಆರು ವಾರ ಬೇಕಾಯಿತು.

ಮೀನೆಣ್ಣೆ ಮಾತ್ರೆ ನುಂಗಿ ಅಂತ ಎಲ್ಲರೂ ಹೇಳುತ್ತಾರೆ. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಒಣಗಣ್ಣಿಗೆ ಅದು ಆಲಿವ್ ಎಣ್ಣೆಯ ಮಾತ್ರೆಗಿಂತ ಜಾಸ್ತಿ ಉಪಯೋಗವಾಗಲಿಲ್ಲ. ಆ ದುಡ್ಡನ್ನು ಒಳ್ಳೆಯ ಹನಿಗೆ ಹಾಕಿ.

ಇನ್ನು ನಮ್ಮ ಊರಿನ ಗಾಳಿ. ಫೆಬ್ರವರಿ ಬಂತೆಂದರೆ ಈ ಕಡೆ ಒಣಗಾಳಿ, ಧೂಳು. ಗದಗಿನ ಬಯಲಿನಲ್ಲಿ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ, ಗಾಳಿ ಹಾಗಿದೆ. ಬೈಕಿನವರು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿ, ಗಾಜು ಇಳಿಸಿಯೇ ಓಡಿಸಿ. ರಾತ್ರಿಗೆ ಬಣ್ಣವಿಲ್ಲದ ಗಾಜು ಇರಲಿ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವವರು ಕೂತ ತಕ್ಷಣ ತಲೆಯ ಮೇಲೆ ನೋಡಿ. ಎಸಿ ಗಾಳಿ ನೇರ ಮುಖಕ್ಕೆ ಬರುತ್ತಿದ್ದರೆ ಸೀಟು ಬದಲಿಸಿ. ಮೊದಲ ವರ್ಷ ನಾನು ದಿನಾ ಒಂದೇ ಕಡೆ ಕೂತು, ನವನಗರ ದಾಟುವಷ್ಟರಲ್ಲಿ ಕಣ್ಣು ತೆರೆಯಲಾಗದ ಹಾಗೆ ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲೂ ಫ್ಯಾನಿನ ನೇರಕ್ಕೆ ಮಲಗಬೇಡಿ. ಮಲಗಿದಾಗ ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ ಅಂತ ಮನೆಯವರಿಂದ ನೋಡಿಸಿ. ಸಣ್ಣ ಬಿರುಕು ಉಳಿದರೆ ರಾತ್ರಿಗೆ ಜೆಲ್ ಅಥವಾ ಮುಲಾಮು ಬೇಕಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ನಾಡಿನಲ್ಲಿದ್ದೇವೆ. ಖಾರ ಕುಟ್ಟುವ ದಿನ, ಗಿರಣಿಗೆ ಹೋಗುವ ದಿನ ನೀವು ಆ ಕಡೆ ಹೋಗಬೇಡಿ. ಮಾರುಕಟ್ಟೆಯಲ್ಲೇ ಕೆಲಸ ಇದ್ದರೆ ಸುತ್ತಲೂ ಮುಚ್ಚುವ ಗಾಗಲ್ ಹಾಕಿ. ಮೆಣಸಿನಕಾಯಿ ಹೆಚ್ಚಿದ ಕೈಯನ್ನು ಬರೀ ನೀರಲ್ಲಿ ತೊಳೆದರೆ ಖಾರ ಹೋಗುವುದಿಲ್ಲ, ಅದು ಎಣ್ಣೆಗೆ ಕರಗುವಂಥದ್ದು. ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಆ ನಂತರವೇ ಹನಿಯ ಕೊಳವೆ ಮುಟ್ಟಿ.

ಕಂಪ್ಯೂಟರ್ ಮುಂದೆ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ, ಬಡಿದರೂ ಅರ್ಧಕ್ಕೇ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ, ಐದು ಸಲ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಹೆಜ್ಜೆ 5: ರಾತ್ರಿ

ಕತ್ತಲಲ್ಲಿ ಪಾಪೆ ದೊಡ್ಡದಾಗುತ್ತದೆ. ಲೇಸರ್ ತಿದ್ದಿದ ವೃತ್ತದ ಅಂಚಿನಿಂದಲೂ ಬೆಳಕು ಒಳಗೆ ಹೋಗುತ್ತದೆ. ಅದಕ್ಕೇ ಉಂಗುರ, ಅದಕ್ಕೇ ಕಿರಣ. ಒಣಗಿದ ಕಣ್ಣಿನಲ್ಲಿ ಇದು ಇನ್ನೂ ಜಾಸ್ತಿ. ಹೊರಡುವ ಮೊದಲು ಹನಿ ಹಾಕಿ, ವಾಹನದ ಗಾಜನ್ನು ಒಳಗೂ ಹೊರಗೂ ಒರೆಸಿ. ಸಣ್ಣ ನಂಬರ್ ಉಳಿದಿದ್ದರೆ ರಾತ್ರಿ ಓಡಿಸಲಿಕ್ಕಷ್ಟೇ ಕನ್ನಡಕ ಮಾಡಿಸಿ. ‘ಕನ್ನಡಕ ಬಿಡಲಿಕ್ಕೇ ಆಪರೇಷನ್ ಆಗಿದ್ದು’ ಅಂತ ನಾನು ಎರಡು ವರ್ಷ ಹಟ ಹಿಡಿದಿದ್ದೆ. ಸುಮ್ನೆ ಕಷ್ಟಪಟ್ಟೆ. ಹಳದಿ ಗಾಜಿನ ‘ನೈಟ್ ಡ್ರೈವಿಂಗ್’ ಕನ್ನಡಕದಿಂದ ಉಪಯೋಗವಿಲ್ಲ, ಬೆಳಕೇ ಕಡಿಮೆಯಾಗುತ್ತದೆ. ಪಾಪೆ ಹಿಗ್ಗದಂತೆ ತಡೆಯುವ ಹನಿಗಳನ್ನು ಕೆಲವು ಡಾಕ್ಟರು ಕೊಡುತ್ತಾರೆ, ಕೇಳಿ ನೋಡಿ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್‌ನಲ್ಲಿ ಎದುರಿನ ಲಾರಿ ದೀಪಕ್ಕೆ ರಸ್ತೆಯ ಅಂಚು ಮಾಯವಾಗುತ್ತಿದ್ದರೆ, ರಾತ್ರಿ ಸ್ಟೀರಿಂಗ್ ಇನ್ನೊಬ್ಬರಿಗೆ ಕೊಡಿ. ನಾನು ಕೊಟ್ಟಿದ್ದೇನೆ.

ಹೆಜ್ಜೆ 6: ಕಣ್ಣು ಚೆನ್ನಾಗಿದೆ ಅಂದರೂ ನೋವು ನಿಲ್ಲದಿದ್ದರೆ

ಪರೀಕ್ಷೆಯಲ್ಲಿ ಕಣ್ಣು ಒದ್ದೆ ಇರುತ್ತದೆ, ಮೇಲ್ಮೈ ನುಣುಪಾಗಿರುತ್ತದೆ, ಆದರೂ ಉರಿ ತಡೆಯಲಾಗದು. ಗಾಳಿ, ಬೆಳಕು ಎರಡೂ ಚುಚ್ಚುತ್ತವೆ. ಇದು ನರಗಳದೇ ನೋವು ಇರಬಹುದು. ‘ನ್ಯೂರೋಪಥಿಕ್ ಕಾರ್ನಿಯಲ್ ಪೇನ್’ ಎಂಬ ಹೆಸರನ್ನು ನೀವೇ ಡಾಕ್ಟರ ಮುಂದೆ ಎತ್ತಿ. ಅವರು ಮರಗಟ್ಟಿಸುವ ಹನಿಯೊಂದನ್ನು ಹಾಕಿ ನೋಡುತ್ತಾರೆ. ನೋವು ಪೂರ್ತಿ ನಿಂತರೆ ಮೂಲ ಕಾರ್ನಿಯಾದಲ್ಲೇ ಇದೆ. ನಿಲ್ಲದಿದ್ದರೆ ಒಳಗಿನ ನರಮಂಡಲವೂ ಸೇರಿಕೊಂಡಿದೆ ಅಂತ ಅರ್ಥ, ಅಲ್ಲಿಗೆ ಬರೀ ಹನಿ ಸಾಲದು. ಆ ಮರಗಟ್ಟಿಸುವ ಹನಿಯನ್ನು ಮನೆಗೆ ಮಾತ್ರ ಬೇಡಬೇಡಿ. ಪದೇ ಪದೇ ಹಾಕಿದರೆ ಕಾರ್ನಿಯಾ ಕರಗುತ್ತದೆ.

ಮೇಲ್ಮೈಯ ನೋವಿಗೆ ಉರಿಯೂತ ತಗ್ಗಿಸುವ ಸೈಕ್ಲೋಸ್ಪೊರಿನ್ ಹನಿ, ಕಣ್ಣೀರಿನ ರಂಧ್ರಕ್ಕೆ ಬಿರಡೆ, ಸ್ಕ್ಲೀರಲ್ ಲೆನ್ಸ್ ಇವೆ. ನಿಮ್ಮದೇ ರಕ್ತದಿಂದ ಮಾಡುವ ಸೀರಮ್ ಹನಿಯೂ ಇದೆ. ಸೀರಮ್ ಹನಿಯನ್ನು ತಂಪಿನಲ್ಲೇ ಇಡಬೇಕು. ಗದಗ, ಹಾವೇರಿಯಿಂದ ಬರುವವರು ಬಸ್ಸಿಗೆ ಅಗಲ ಬಾಯಿಯ ಥರ್ಮಾಸಿನಲ್ಲಿ ಐಸ್ ಹಾಕಿ ಒಯ್ಯಿರಿ. ಒಳಗಿನ ನೋವಿಗೆ ಗ್ಯಾಬಾಪೆಂಟಿನ್, ನಾರ್ಟ್ರಿಪ್ಟಿಲಿನ್‌ನಂಥ ಮಾತ್ರೆಗಳನ್ನು ನರರೋಗ ಅಥವಾ ನೋವಿನ ತಜ್ಞರು ಕೊಡುತ್ತಾರೆ.

ವರ್ಷಗಟ್ಟಲೆ ಉರಿದರೆ ಮನಸ್ಸೂ ಸೋಲುತ್ತದೆ. ಯಾರೂ ನಂಬದಿದ್ದಾಗ ಇನ್ನೂ ಬೇಗ ಸೋಲುತ್ತದೆ. ನನಗೂ ಆಯಿತು. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಹೆಸರು ಎತ್ತಿದರೆ ನಮ್ಮಲ್ಲಿ ಜನ ಮುಖ ತಿರುಗಿಸುತ್ತಾರೆ, ಅದು ಬಹಳ ತಪ್ಪು. ನಿದ್ದೆ ಹೋಗಿದ್ದರೆ, ಬದುಕುವುದೇ ಬೇಡ ಅನಿಸಿದರೆ ಅಲ್ಲಿಗೆ ಹೋಗಿ. ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಿರ್ಲಕ್ಷ್ಯದಿಂದಲೇ ಹೀಗಾಯಿತು ಅಂತ ಅನಿಸುವವರಿಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಸಾಮಾನ್ಯವಾಗಿ ಎರಡು ವರ್ಷದೊಳಗೆ ದೂರು ಕೊಡಬೇಕು. ತೊಂದರೆ ಬಂದದ್ದೆಲ್ಲ ನಿರ್ಲಕ್ಷ್ಯವಲ್ಲ, ಅದನ್ನು ಇನ್ನೊಬ್ಬ ತಜ್ಞರ ಬರಹದ ಅಭಿಪ್ರಾಯದಿಂದ ತೋರಿಸಬೇಕು. ಅಲ್ಲಿಗೂ ಮೊದಲು ಬೇಕಾಗುವುದು ಅದೇ ಫೈಲ್.

ಹೆಜ್ಜೆ 7: ಕಾಯಬಾರದ ಹೊತ್ತು

ಕಣ್ಣೆದುರು ಒಮ್ಮೆಲೆ ಕಪ್ಪು ಚುಕ್ಕೆಗಳ ಮಳೆ, ಮಿಂಚು, ಅಥವಾ ಒಂದು ಕಡೆಯಿಂದ ಪರದೆ ಇಳಿದ ಹಾಗೆ ಆದರೆ ಅದೇ ದಿನ ರೆಟಿನಾ (ಕಣ್ಣಿನ ಒಳಹಿಂಭಾಗದ ಪದರ) ನೋಡಿಸಿ. ಮೈನಸ್ ಕಣ್ಣು ಒಳಗೆ ಉದ್ದವಾಗಿಯೇ ಇರುತ್ತದೆ. ಲೇಸರ್ ಕಾರ್ನಿಯಾವನ್ನು ಮಾತ್ರ ತಿದ್ದಿದೆ, ರೆಟಿನಾ ಬಿಚ್ಚುವ ಅಪಾಯ ಹಾಗೇ ಉಳಿದಿದೆ. ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ನೋಡಿಸಿ.

ಲೇಸಿಕ್‌ನ ಮುಚ್ಚಳ ಅಂಚಿನಲ್ಲಿ ಮಾಯುತ್ತದೆ, ಮೊದಲಿನ ಗಟ್ಟಿತನ ಬರುವುದಿಲ್ಲ. ವರ್ಷಗಳ ನಂತರವೂ ಬಲವಾದ ಪೆಟ್ಟಿಗೆ ಸರಿಯಬಹುದು. ಮಗುವಿನ ಉಗುರು, ಕ್ರಿಕೆಟ್ ಚೆಂಡು, ಮರದ ಟೊಂಗೆ, ಯಾವುದೂ ಸಾಕು. ಉಜ್ಜಬೇಡಿ, ಒತ್ತಿ ಕಟ್ಟಬೇಡಿ. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ ತೆಗೆದುಕೊಂಡು, ಕಣ್ಣಿಗೆ ತಾಗದ ಹಾಗೆ ಮೇಲಿಟ್ಟು ಟೇಪ್ ಹಚ್ಚಿ ಹೊರಡಿ. ಹುಬ್ಬಳ್ಳಿಯಲ್ಲಿ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಆಸ್ಪತ್ರೆಯ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಸುಣ್ಣ, ಆ್ಯಸಿಡ್ ಬಿದ್ದರೆ ಮಾತ್ರ ಮೊದಲು ಅಲ್ಲೇ ಹದಿನೈದು ನಿಮಿಷಕ್ಕಿಂತ ಜಾಸ್ತಿ ಹರಿಯುವ ನೀರಿನಲ್ಲಿ ತೊಳೆದು, ಆಮೇಲೆ ಹೊರಡಿ.

ಹುಬ್ಬಳ್ಳಿಯ ರಂಗಪಂಚಮಿಯ ದಿನ ನಾನು ಈಜುಗಾರರ ಗಾಗಲ್ ಹಾಕಿಕೊಂಡೇ ಓಣಿಗೆ ಇಳಿಯುತ್ತೇನೆ. ಮೊದಲ ಸಲ ಹುಡುಗರು ನೋಡಿ ಕೂಗಿದರು. ಮುಂದಿನ ವರ್ಷ ಪಕ್ಕದ ಮನೆಯ ಹುಡುಗಿಯೂ ಒಂದು ಕೊಂಡಳು. ಅವಳಿಗೆ ಆಪರೇಷನ್ ಏನೂ ಆಗಿಲ್ಲ, ಕಣ್ಣಿಗೆ ಬಣ್ಣ ಬೀಳಬಾರದು ಅಷ್ಟೇ. ನನ್ನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಒಂದು ಚೀಟಿ ಇದೆ. ಅದರಲ್ಲಿ ಬರೆದದ್ದು ಇಷ್ಟು: ಎರಡೂ ಕಣ್ಣಿಗೆ ಲೇಸಿಕ್ ಆಗಿದೆ, ಮುಚ್ಚಳ ಇದೆ, ಉಜ್ಜಬೇಡಿ. ಆಪರೇಷನ್ ಆದ ವರ್ಷ. ಮುಂಚಿನ ನಂಬರ್. ಈಗಿನ ಕಾರ್ನಿಯಾದ ದಪ್ಪ. ಹಾಕುವ ಹನಿಯ ಹೆಸರು. ತಮ್ಮನ ಫೋನ್ ನಂಬರ್.